ಲಾರಿ ಎಂಜಿನ್ ಟ್ಯೂನಿಂಗ್ ಹೆಸರಿನಲ್ಲಿ ನಡೆಯುತ್ತಿರುವುದು

ಸಂಪಾದಕರೇ,

ಹುಬ್ಬಳ್ಳಿ, ದಾವಣಗೆರೆ, ನೆಲಮಂಗಲ, ಎಲ್ಲಿ ಲಾರಿ ನಿಲ್ಲಿಸಿದರೂ ಈಗ ಒಂದೇ ಮಾತು. ‘ಲ್ಯಾಪ್‌ಟಾಪ್ ಹಾಕಿ ಟ್ಯೂನ್ ಮಾಡಿಸಿ, ಲೀಟರಿಗೆ ಮುಕ್ಕಾಲು ಕಿಲೋಮೀಟರ್ ಜಾಸ್ತಿ ಕೊಡುತ್ತೆ, ಪಿಕಪ್ಪೂ ಬರುತ್ತೆ.’ ಅರ್ಧ ಗಂಟೆ ಕೆಲಸ, ಕೈಯಲ್ಲಿ ದುಡ್ಡು, ರಸೀದಿ ಇಲ್ಲ. ಈ ಬಗ್ಗೆ ನಮ್ಮ ಮಾಲೀಕರಿಗೂ ಡ್ರೈವರ್‌ಗಳಿಗೂ ಸಾರಿಗೆ ಇಲಾಖೆಗೂ ಕೆಲವು ಮಾತು ನೇರವಾಗಿ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದರೂ ದಯವಿಟ್ಟು ಕತ್ತರಿಸದೆ ಹಾಕಿ.

ಮಾಲೀಕರು ಈ ಮಾತಿಗೆ ಯಾಕೆ ಬೀಳುತ್ತಾರೆ ಅನ್ನುವುದನ್ನು ಮೊದಲು ನೋಡೋಣ. ತಿಂಗಳಿಗೆ 10,000 ಕಿಲೋಮೀಟರ್ ಓಡುವ, ಲೀಟರಿಗೆ 4 ಕೊಡುವ ಒಂದು ಲಾರಿ ಇದೆ ಅಂದುಕೊಳ್ಳಿ. ಅದಕ್ಕೆ ತಿಂಗಳಿಗೆ 2,500 ಲೀಟರ್ ಡೀಸೆಲ್ ಬೇಕು. ಲೀಟರಿಗೆ 91 ರೂಪಾಯಿ ಹಿಡಿದರೆ 2,27,500 ರೂಪಾಯಿ. 2025ರ ಏಪ್ರಿಲ್ 1ರಿಂದ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿತು. ಲೀಟರಿಗೆ 2 ರೂಪಾಯಿ ಏರಿತು, ಅದೇ ತಿಂಗಳು ಲಾರಿ ಮುಷ್ಕರವೂ ನಡೆಯಿತು. ಆ 2 ರೂಪಾಯಿ ಅಂದರೆ ಈ ಒಂದು ಲಾರಿಗೇ ತಿಂಗಳಿಗೆ 5,000. ಇನ್ನು ಟ್ಯೂನಿಂಗ್‌ನವನು ಹೇಳುವ ಹಾಗೆ 4ರ ಜಾಗದಲ್ಲಿ 4.75 ಬಂದುಬಿಟ್ಟರೆ ತಿಂಗಳಿಗೆ 36,000 ರೂಪಾಯಿ ಹತ್ತಿರ ಉಳಿಯುತ್ತದೆ. ಕಂತು, ಟೋಲ್, ಟೈರ್, ಇನ್ಶೂರೆನ್ಸ್ ಎಲ್ಲ ಕಟ್ಟಿದ ಮೇಲೆ ಅಷ್ಟು ಕೈಯಲ್ಲಿ ಉಳಿಯದ ತಿಂಗಳುಗಳೇ ನಮಗೆ ಜಾಸ್ತಿ. ಹಾಗಿರುವಾಗ ಯಾರಿಗೆ ಆಸೆ ಆಗುವುದಿಲ್ಲ ಹೇಳಿ?

ಟ್ಯೂನಿಂಗ್ ಅನ್ನುವುದು ನಮಗೇನೂ ಹೊಸದಲ್ಲ. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿ ತಯಾರಾದ, ಎಂಜಿನ್‌ಗೆ ಡೀಸೆಲ್ ಬಿಡುವ ಪಂಪು, ನಾಝಲ್‌ಗಳ ಮೇಲೆಯೇ ಈ ದೇಶದ ಲಾರಿಗಳು ದಶಕಗಟ್ಟಲೆ ಓಡಿದವು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾದರೂ ಹಳೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಇವತ್ತಿಗೂ ಅದು ಮೈಕೋ ಪಂಪೇ. ಆ ಪಂಪಿನಲ್ಲಿ ಗರಿಷ್ಠ ಎಷ್ಟು ಡೀಸೆಲ್ ಹೋಗಬೇಕು ಅಂತ ನಿಲ್ಲಿಸುವ ಒಂದು ಸ್ಕ್ರೂ ಇರುತ್ತದೆ, ಅದಕ್ಕೆ ಸೀಲ್ ಹಾಕಿರುತ್ತಾರೆ. ಟಾಟಾ 697 ಎಂಜಿನ್ ಲಾರಿಗಳ ಕಾಲದಲ್ಲಿ ಸೀಲ್ ಒಡೆದು ಆ ಸ್ಕ್ರೂ ತಿರುಗಿಸಿಕೊಡುವ ಮೆಕ್ಯಾನಿಕ್ ಊರಿಗೊಬ್ಬ ಇದ್ದ. ಘಾಟಿಯಲ್ಲಿ ಎಳೆತ ಬರುತ್ತಿತ್ತು, ಜೊತೆಗೆ ಹಿಂದಿನ ಗಾಡಿಯವನಿಗೆ ರಸ್ತೆ ಕಾಣದಷ್ಟು ಕಪ್ಪು ಹೊಗೆಯೂ ಬರುತ್ತಿತ್ತು. ಒಲೆಯಲ್ಲಿ ಗಾಳಿ ಆಡಲು ಜಾಗ ಬಿಡದೆ ಸೌದೆ ತುರುಕಿದರೆ ಏನಾಗುತ್ತದೋ ಅದೇ. ಸಿಲಿಂಡರ್ ಒಳಗಿರುವ ಗಾಳಿ ಎಷ್ಟು ಡೀಸೆಲ್ ಸುಡಬಲ್ಲದೋ ಅಷ್ಟೇ ಸುಡುವುದು, ಮಿಕ್ಕಿದ್ದು ಹೊಗೆ. ಆ ಹೊಗೆ ನಾವು ಬಂಕಿನಲ್ಲಿ ದುಡ್ಡು ಕೊಟ್ಟು ತುಂಬಿಸಿದ ಡೀಸೆಲ್ಲೇ ಅಲ್ವಾ?

ಈಗ ಸ್ಕ್ರೂ ಇಲ್ಲ, ಅದರ ಜಾಗದಲ್ಲಿ ಇಸಿಎಂ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಇದೆ. ಹಳೆಯ ನಾಝಲ್ 200 ಬಾರ್ ಆಸುಪಾಸಿನಲ್ಲಿ ತೆರೆದುಕೊಳ್ಳುತ್ತಿತ್ತು. ಈಗಿನ ಕಾಮನ್ ರೈಲ್‌ನಲ್ಲಿ, ಅಂದರೆ ಎಲ್ಲ ನಾಝಲ್‌ಗೂ ಡೀಸೆಲ್ ಕೊಡುವ ಒಂದೇ ಕೊಳವೆಯಲ್ಲಿ, ಒತ್ತಡ 1,600 ಬಾರ್ ದಾಟುತ್ತದೆ. ಒಂದು ಸ್ಟ್ರೋಕ್‌ಗೆ ಎಷ್ಟು ಡೀಸೆಲ್, ಯಾವ ಗಳಿಗೆಯಲ್ಲಿ, ಎಷ್ಟು ಒತ್ತಡದಲ್ಲಿ, ಟರ್ಬೊ ಎಷ್ಟು ಗಾಳಿ ತಳ್ಳಬೇಕು, ಇದೆಲ್ಲ ಇಸಿಎಂ ಒಳಗಿನ ಕೋಷ್ಟಕಗಳಲ್ಲಿ ಬರೆದಿರುತ್ತದೆ. ಲ್ಯಾಪ್‌ಟಾಪಿನವನು ಮಾಡುವುದು ಆ ಅಂಕಿಗಳನ್ನು ಬದಲಿಸುವ ಕೆಲಸ. ಅದರಿಂದ ಏನೂ ಆಗುವುದಿಲ್ಲ ಅಂತ ನಾನು ಹೇಳುವುದಿಲ್ಲ, ಆಗುತ್ತದೆ. ಡೀಸೆಲ್ ಜಾಸ್ತಿ ಬಿಟ್ಟು ಟರ್ಬೊ ಒತ್ತಡವನ್ನೂ ಏರಿಸಿದರೆ ಟಾರ್ಕ್, ಅಂದರೆ ಎಳೆಯುವ ಬಲ ಏರುತ್ತದೆ. ಇಂಜೆಕ್ಷನ್ ಟೈಮಿಂಗ್ ಒಂದಿಷ್ಟು ಮುಂದೆ ತಂದರೆ, ಅಂದರೆ ಡೀಸೆಲ್ ಸ್ವಲ್ಪ ಬೇಗ ಸಿಂಪಡಿಸಿದರೆ, ಅಷ್ಟೇ ಡೀಸೆಲ್‌ನಲ್ಲಿ ಸ್ವಲ್ಪ ಜಾಸ್ತಿ ಕೆಲಸವೂ ಸಿಗುತ್ತದೆ. ಆದರೆ ಇದರ ಬೆಲೆ ಏನು ಅನ್ನುವುದನ್ನು ಯಾರೂ ಹೇಳುವುದಿಲ್ಲ. ಟೈಮಿಂಗ್ ಮುಂದೆ ತಂದಷ್ಟೂ ಸಿಲಿಂಡರ್ ಒಳಗೆ ಒತ್ತಡವೂ ಬಿಸಿಯೂ ಏರುತ್ತದೆ. ಹೆಡ್ ಗ್ಯಾಸ್ಕೆಟ್, ಪಿಸ್ಟನ್, ಬೇರಿಂಗ್ ಎಲ್ಲದಕ್ಕೂ ಹೊಡೆತ ಜಾಸ್ತಿ. ಬಿಸಿ ಜಾಸ್ತಿಯಾದರೆ ಗಾಳಿಯಲ್ಲಿರುವ ನೈಟ್ರೋಜನ್ ಸುಟ್ಟು ನೈಟ್ರೋಜನ್ ಆಕ್ಸೈಡ್ ಆಗುತ್ತದೆ, ಆ ವಿಷ ಊರಿನ ಗಾಳಿಗೆ ಸೇರುತ್ತದೆ.

ಇಲ್ಲೇ ಒಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6 (ಹೊಗೆ ಮಿತಿಯ ಹೊಸ ನಿಯಮದ) ಲಾರಿಗಳಲ್ಲಿ ಯೂರಿಯಾ ಟ್ಯಾಂಕ್ ಇರುತ್ತದೆ. ಅದರಲ್ಲಿ ಹಾಕುವ ಡಿಇಎಫ್ ಅಂದರೆ ಶೇ 32.5 ಶುದ್ಧ ಯೂರಿಯಾ, ಮಿಕ್ಕಿದ್ದು ಖನಿಜ ತೆಗೆದ ನೀರು. ಅದು ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆಗೆ ಸಿಂಪಡಣೆ ಆಗಿ, ಕ್ಯಾಟಲಿಸ್ಟ್ ಅನ್ನುವ ಡಬ್ಬದೊಳಗೆ ನೈಟ್ರೋಜನ್ ಆಕ್ಸೈಡನ್ನು ಮಾಮೂಲಿ ನೈಟ್ರೋಜನ್ ಮತ್ತು ನೀರಾವಿಯಾಗಿ ಒಡೆಯುತ್ತದೆ. ಇದರಿಂದ ಎಂಜಿನ್ ಮಾಡುವ ಕಂಪನಿಗೆ ಒಂದು ಅನುಕೂಲ ಸಿಗುತ್ತದೆ. ಹೊಗೆಯನ್ನು ಆಮೇಲೆ ತೊಳೆಯಲು ವ್ಯವಸ್ಥೆ ಇರುವುದರಿಂದ ಎಂಜಿನ್ ಒಳಗೆ ಟೈಮಿಂಗನ್ನು ಮೈಲೇಜ್‌ಗೆ ಅನುಕೂಲವಾಗುವ ಕಡೆ ಇಡಬಹುದು. ಅಂದರೆ ಟ್ಯೂನಿಂಗ್‌ನವನು ಮಾರುವ ಸರಕಿನಲ್ಲಿ ಒಂದು ಪಾಲನ್ನು ಕಂಪನಿಯೇ ಆಗಲೇ ಕೊಟ್ಟಿದೆ, ಡಿಇಎಫ್ ಇದೆ ಅನ್ನುವ ಭರವಸೆಯ ಮೇಲೆ. ಆ ಡಿಇಎಫನ್ನೇ ಬಂದ್ ಮಾಡಿದರೆ ಮೈಲೇಜ್‌ಗಾಗಿ ಇಟ್ಟ ಟೈಮಿಂಗ್ ಹಾಗೇ ಉಳಿಯುತ್ತದೆ, ಹೊಗೆ ತೊಳೆಯುವ ಕೆಲಸ ಮಾತ್ರ ನಿಲ್ಲುತ್ತದೆ.

ನಮ್ಮ ಕಡೆ ‘ಟ್ಯೂನಿಂಗ್’ ಅನ್ನುವ ಹೆಸರಿನಲ್ಲಿ ನಡೆಯುತ್ತಿರುವುದರಲ್ಲಿ ಬಹಳಷ್ಟು ಇದೇ. ಡಿಇಎಫ್ ಬಂದ್, ಇಜಿಆರ್ (ಸ್ವಲ್ಪ ಹೊಗೆಯನ್ನು ಎಂಜಿನ್‌ಗೆ ವಾಪಸ್ ಕಳಿಸುವ ವ್ಯವಸ್ಥೆ) ಬಂದ್, ಡಿಪಿಎಫ್ (ಮಸಿ ಹಿಡಿಯುವ ಫಿಲ್ಟರ್) ಕಿತ್ತು ಖಾಲಿ ಡಬ್ಬ ಇಡುವುದು, ಇಸಿಎಂಗೆ ಎಲ್ಲ ಸರಿ ಇದೆ ಅಂತ ಸುಳ್ಳು ಹೇಳಿಸುವುದು. ಡಿಇಎಫ್ ಖರ್ಚು ಎಷ್ಟು ಅಂತ ಲೆಕ್ಕ ಹಾಕೋಣ. ಡೀಸೆಲ್‌ನ ಶೇ 3ರಿಂದ 5ರಷ್ಟು ಬೇಕು. ಮೇಲಿನ ಲಾರಿಗೆ ತಿಂಗಳಿಗೆ 100 ಲೀಟರ್ ಅನ್ನಿ, ಲೀಟರಿಗೆ 60 ರೂಪಾಯಿ ಹಿಡಿದರೂ 6,000. ಇದು ಸಣ್ಣ ಮೊತ್ತ ಅಲ್ಲ, ನಿಜ. ಆದರೆ ಇದನ್ನು ಉಳಿಸಲು ಹೋಗಿ ವಾರಂಟಿ ಕಳೆದುಕೊಂಡು, ನಾಳೆ ಗಾಡಿ ಮಾರುವಾಗ ಕೊಳ್ಳುವವನು ಸ್ಕ್ಯಾನರ್ ಹಾಕಿ ನೋಡಿದರೆ ರೇಟು ಕಳೆದುಕೊಂಡು, ಮತ್ತೆ ಸರಿ ಮಾಡಿಸಬೇಕಾದರೆ ಲಕ್ಷಗಟ್ಟಲೆ ಕೊಟ್ಟು ಹೊಸ ಕ್ಯಾಟಲಿಸ್ಟ್ ಹಾಕಿಸಬೇಕು. ಇನ್ನು ಕೆಲವರು ಹೊಲಕ್ಕೆ ಹಾಕುವ ಯೂರಿಯಾವನ್ನು ಬೋರ್ ನೀರಿನಲ್ಲಿ ಕರಗಿಸಿ ಟ್ಯಾಂಕಿಗೆ ಸುರಿಯುತ್ತಾರೆ. 2015ರಿಂದ ನಮ್ಮ ದೇಶದ ಗೊಬ್ಬರದ ಯೂರಿಯಾ ಎಲ್ಲ ಬೇವಿನ ಎಣ್ಣೆ ಲೇಪಿಸಿದ್ದು. ಆ ಎಣ್ಣೆ ಮತ್ತು ಬೋರ್ ನೀರಿನ ಸುಣ್ಣ ಸೇರಿ ಸಿಂಪಡಣೆ ನಾಝಲ್ಲೂ ಹಾಳು, ಕ್ಯಾಟಲಿಸ್ಟೂ ಹಾಳು. ರೈತರಿಗೆ ಸಬ್ಸಿಡಿಯಲ್ಲಿ ಬಂದದ್ದನ್ನು ಹೀಗೆ ಸುರಿಯುವುದು ಎಷ್ಟು ಸರಿ ಅನ್ನುವುದು ಬೇರೆ ಮಾತು.

ಹಾಗಾದರೆ ಟ್ಯೂನ್ ಮಾಡಿಸಿದವರು ಮೈಲೇಜ್ ಬಂತು ಅಂತ ಹೇಳುವುದೆಲ್ಲ ಸುಳ್ಳಾ? ಅವರು ಸುಳ್ಳು ಹೇಳುತ್ತಿಲ್ಲ, ಡ್ಯಾಶ್‌ಬೋರ್ಡ್ ಸುಳ್ಳು ಹೇಳುತ್ತಿರಬಹುದು. ವೈರಿಂಗ್ ಮಧ್ಯೆ ಸಿಕ್ಕಿಸುವ ಸಣ್ಣ ಟ್ಯೂನಿಂಗ್ ಬಾಕ್ಸ್ ನೋಡಿರಬೇಕು. ಅದರಲ್ಲಿ ಹೆಚ್ಚಿನವು ಮಾಡುವುದು ಇಷ್ಟೇ. ರೈಲ್ ಒತ್ತಡದ ಸೆನ್ಸರ್ ಕಳಿಸುವ ಸಿಗ್ನಲ್ಲನ್ನು ಇದ್ದುದಕ್ಕಿಂತ ಕಡಿಮೆ ಮಾಡಿ ಇಸಿಎಂಗೆ ತೋರಿಸುತ್ತವೆ. ಒತ್ತಡ ಸಾಲದು ಅಂದುಕೊಂಡು ಇಸಿಎಂ ಒತ್ತಡ ಏರಿಸುತ್ತದೆ, ಸಿಲಿಂಡರಿಗೆ ಡೀಸೆಲ್ ಜಾಸ್ತಿ ಬೀಳುತ್ತದೆ, ಪಿಕಪ್ ಬರುತ್ತದೆ. ಆದರೆ ಮೀಟರಿನಲ್ಲಿ ತೋರಿಸುವ ಮೈಲೇಜನ್ನು ಲೆಕ್ಕ ಹಾಕುವುದೂ ಅದೇ ಇಸಿಎಂ. ತಾನು ಕಡಿಮೆ ಒತ್ತಡದಲ್ಲಿ ಕಡಿಮೆ ಡೀಸೆಲ್ ಬಿಟ್ಟೆ ಅಂತ ಅದು ನಂಬಿರುತ್ತದೆ. ಹಾಗಾಗಿ ನಿಜಕ್ಕೂ ಜಾಸ್ತಿ ಕುಡಿಯುವ ಗಾಡಿ ಮೀಟರಿನಲ್ಲಿ ಕಡಿಮೆ ಕುಡಿದ ಹಾಗೆ ತೋರಿಸುತ್ತದೆ. ಆದ್ದರಿಂದ ಮೈಲೇಜ್ ನೋಡಬೇಕಾದರೆ ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿ ಲೀಟರ್ ಎಣಿಸಬೇಕು. ಅದೂ ಒಂದೇ ಟ್ರಿಪ್‌ನಲ್ಲಿ ಸಾಲದು. ಲೋಡ್ ಬೇರೆ, ಗಾಳಿ ಬೇರೆ, ಹೋಗುವಾಗ ಒಂದು, ಬರುವಾಗ ಒಂದು. ಮಳೆಗಾಲದಲ್ಲಿ ಚಿತ್ರದುರ್ಗದ ಗಾಳಿಯಂತ್ರದ ಗುಡ್ಡಗಳ ಹತ್ತಿರ ಹುಬ್ಬಳ್ಳಿ ಕಡೆ ಮುಖ ಮಾಡಿ ಹೋಗುವ ಲಾರಿಯೂ ಬೆಂಗಳೂರು ಕಡೆ ಬರುವ ಲಾರಿಯೂ ಒಂದೇ ಮೈಲೇಜ್ ಕೊಡುವುದಿಲ್ಲ. ಗಾಳಿ ಬೆನ್ನಿಗಿದ್ದ ಟ್ರಿಪ್‌ನ ಮೈಲೇಜ್ ತೋರಿಸಿ ದುಡ್ಡು ತೆಗೆದುಕೊಂಡು ಹೋದವರ ಕಥೆ ಎಷ್ಟೋ ಕೇಳಿದ್ದೇನೆ.

ಗೇರ್ ಬಾಕ್ಸ್ ಕಥೆ ಇನ್ನೊಂದು. ನಮ್ಮ ಲಾರಿಗಳು ಬಹುಪಾಲು ಕೈಯಲ್ಲಿ ಗೇರ್ ಹಾಕುವಂಥವು, 6 ಗೇರು ಅಥವಾ 9 ಗೇರು. ಕ್ಲಚ್ ಪ್ಲೇಟ್, ಗೇರ್ ಬಾಕ್ಸ್, ಜಾಯಿಂಟ್, ಕ್ರೌನ್ ಪಿನಿಯನ್ (ಹಿಂದಿನ ಆಕ್ಸಲ್‌ನ ಗೇರು), ಇವೆಲ್ಲ ಎಂಜಿನ್‌ನ ಮೂಲ ಟಾರ್ಕ್ ನೋಡಿ ಮಾಡಿದವು. ಎಂಜಿನ್ ಟಾರ್ಕ್ ಏರಿಸಿದರೆ ಅವುಗಳ ತಾಕತ್ತು ತಾನಾಗಿ ಏರುವುದಿಲ್ಲ. ಮೊದಲು ಗೊತ್ತಾಗುವುದು ಕ್ಲಚ್‌ನಲ್ಲಿ. ಏರಿನಲ್ಲಿ ದೊಡ್ಡ ಗೇರಿನಲ್ಲಿ ಪೂರ್ತಿ ರೇಸ್ ಕೊಟ್ಟಾಗ ಆರ್‌ಪಿಎಂ ಏರುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ, ವಾಸನೆ ಬರುತ್ತದೆ. ಆಮೇಲೆ ಕ್ರೌನ್ ಹಲ್ಲು. ಮೇಲಿಂದ ಓವರ್‌ಲೋಡ್ ಬೇರೆ. 2018ರಲ್ಲಿ ಕೇಂದ್ರ ಸರ್ಕಾರ 3 ಆಕ್ಸಲ್ ಲಾರಿಯ ಒಟ್ಟು ತೂಕದ ಮಿತಿಯನ್ನು 25 ಟನ್‌ನಿಂದ 28.5 ಟನ್‌ಗೆ ಏರಿಸಿತು, ಅದರ ಮೇಲೂ ಹಾಕುವವರಿದ್ದಾರೆ. ಆ ಭಾರಕ್ಕೆ ಟ್ಯೂನ್ ಮಾಡಿದ ಎಂಜಿನ್ ಸೇರಿದರೆ ಶಿರಾಡಿ ಘಾಟಿಯಲ್ಲಿ ಸಕಲೇಶಪುರ ಏರುವ ಹೊತ್ತಿಗೆ ಎಲ್ಲಿ ನಿಲ್ಲುತ್ತದೋ ಹೇಳಲಾಗದು.

ಶಿರಾಡಿಯ ಮಾತು ಬಂತು, ಒಂದು ಲೆಕ್ಕ ಹೇಳುತ್ತೇನೆ. ಗುಂಡ್ಯದಿಂದ ಸಕಲೇಶಪುರಕ್ಕೆ ಸುಮಾರು 800 ಮೀಟರ್ ಎತ್ತರ ಏರಬೇಕು. 28.5 ಟನ್ ಭಾರವನ್ನು ಬರೀ ಅಷ್ಟು ಎತ್ತರಕ್ಕೆ ಎತ್ತುವುದಕ್ಕೇ, ಒಳ್ಳೆಯ ಡೀಸೆಲ್ ಎಂಜಿನ್‌ನಲ್ಲೂ ಸುಮಾರು 15 ಲೀಟರ್ ಡೀಸೆಲ್ ಬೇಕು. ಟೈರಿನ ಉಜ್ಜಾಟ, ಗಾಳಿ, ತಿರುವಿನ ಬ್ರೇಕ್ ಎಲ್ಲ ಇದರ ಮೇಲೆ. ಡೀಸೆಲ್‌ನಲ್ಲಿರುವ ಶಕ್ತಿಯಲ್ಲಿ ಎಂಜಿನ್ ಹೇಗೇ ಮಾಡಿದರೂ ನೂರಕ್ಕೆ 40ರ ಸುತ್ತಮುತ್ತ ಮಾತ್ರ ಚಕ್ರದ ಕಡೆ ಹೋಗುತ್ತದೆ, ಉಳಿದದ್ದು ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಬಿಸಿಯಾಗಿ ಹೋಗುತ್ತದೆ. ಕಂಪನಿಯ ಎಂಜಿನಿಯರ್‌ಗಳು ವರ್ಷಗಟ್ಟಲೆ ಕೂತು ಅದರಲ್ಲಿ ಶೇ 1 ತೆಗೆಯಲು ಒದ್ದಾಡುತ್ತಾರೆ. ಅರ್ಧ ಗಂಟೆಯಲ್ಲಿ ಒಬ್ಬ ಶೇ 20 ತೆಗೆದುಕೊಡುತ್ತೇನೆ ಅಂದರೆ ಆ 20 ಎಲ್ಲಿತ್ತು ಅಂತ ಕೇಳಲೇಬೇಕು.

ಎಲ್ಲಿರುತ್ತದೆ ಅಂದರೆ, ಹಾಳಾದ ಗಾಡಿಯಲ್ಲಿ ಇರುತ್ತದೆ. ಇದನ್ನೇ ನಾನು ಒತ್ತಿ ಹೇಳಬೇಕಾಗಿರುವುದು. ನಮ್ಮಲ್ಲಿ ಲಾರಿ ಬಿಸಿಯಾಗುತ್ತದೆ ಅಂದರೆ ಮೆಕ್ಯಾನಿಕ್ ಮೊದಲು ಮಾಡುವುದು ಥರ್ಮೋಸ್ಟಾಟ್ ಬಿಚ್ಚಿ ಎಸೆಯುವುದು. ಆಮೇಲೆ ಎಂಜಿನ್ ಯಾವತ್ತೂ ಸರಿಯಾದ ಬಿಸಿಗೆ ಬರುವುದೇ ಇಲ್ಲ, ತಣ್ಣಗಿನ ಎಂಜಿನ್ ಜಾಸ್ತಿ ಡೀಸೆಲ್ ಕುಡಿಯುತ್ತದೆ, ಲೈನರ್ ಬೇಗ ಸವೆಯುತ್ತದೆ. ರೇಡಿಯೇಟರ್ ತೊಳೆಸಿದ್ದರೆ ಮುಗಿಯುತ್ತಿತ್ತು. ಫ್ಯಾನಿನ ಕ್ಲಚ್ ಕೆಟ್ಟರೆ ಬೋಲ್ಟ್ ಹಾಕಿ ಲಾಕ್ ಮಾಡಿಬಿಡುತ್ತಾರೆ, ಫ್ಯಾನ್ ಹಗಲೂ ರಾತ್ರಿ ಸುಮ್ನೆ ಎಂಜಿನ್‌ನ ಶಕ್ತಿ ತಿನ್ನುತ್ತಿರುತ್ತದೆ. ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ಹೋಸ್‌ನಲ್ಲಿ ಒಂದು ಸಣ್ಣ ಸೀಳು, ಕ್ಲಿಪ್ ಸಡಿಲ, ಅಷ್ಟಕ್ಕೇ ಗಾಳಿ ಸೋರಿ ಪಿಕಪ್ ಹೋಗುತ್ತದೆ. ಆ ಪಿಕಪ್ ಹುಡುಕಿಕೊಂಡು ಮಾಲೀಕ ಲ್ಯಾಪ್‌ಟಾಪಿನವನ ಹತ್ತಿರ ಹೋಗುತ್ತಾನೆ. ಟ್ಯಾಪೆಟ್ ಗ್ಯಾಪ್ (ವಾಲ್ವಿನ ಸಂದು) ನೋಡಿ ಎಷ್ಟು ಕಾಲವಾಯಿತೋ ಗೊತ್ತಿರುವುದಿಲ್ಲ. ಏರ್ ಫಿಲ್ಟರ್ ಬಡಿದು ಬಡಿದು ಹಾಕಿರುತ್ತಾರೆ. ನಾಝಲ್ ಒಂದು ಸಲ ಡೀಸೆಲ್ ಲ್ಯಾಬಿನಲ್ಲಿ ಟೆಸ್ಟ್ ಮಾಡಿಸಿ ನೋಡಿ, ಆರರಲ್ಲಿ ಒಂದು ತೊಟ್ಟಿಕ್ಕುತ್ತಿದ್ದರೂ ಸಾಕು, ಆ ಸಿಲಿಂಡರ್‌ನಲ್ಲಿ ಡೀಸೆಲ್ ಸುಡುವುದಿಲ್ಲ, ಕರಕಲಾಗುತ್ತದೆ. ಟ್ರಿಪ್‌ನಿಂದ ಬಂದು ನಿಲ್ಲಿಸಿದ ಕೂಡಲೇ ಪ್ರತಿ ಚಕ್ರದ ಡ್ರಮ್ ಹತ್ತಿರ ಕೈ ಹಿಡಿದು ನೋಡಿ. ಒಂದು ಮಾತ್ರ ಸುಡುವಷ್ಟು ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡೇ ಓಡುತ್ತಿದೆ ಅಂತ ಅರ್ಥ. ಟೈರ್ ಗಾಳಿಯನ್ನು ಸುತ್ತಿಗೆಯಲ್ಲಿ ಬಡಿದು ನೋಡಿ ಬಿಟ್ಟರೆ ಸಾಲದು, ಗೇಜ್ ಹಾಕಬೇಕು. ಜೋಡಿ ಟೈರಿನಲ್ಲಿ ಒಳಗಿನದಕ್ಕೆ ಗಾಳಿ ಕಡಿಮೆ ಇದ್ದರೆ ಹೊರಗೆ ನಿಂತವನಿಗೆ ಗೊತ್ತೇ ಆಗುವುದಿಲ್ಲ.

ಬಿಎಸ್ 6 ಗಾಡಿಗೆ ಇನ್ನೊಂದು. ಡಿಪಿಎಫ್ ಇರುವ ಎಂಜಿನ್‌ಗೆ ಬೂದಿ ಕಡಿಮೆ ಬಿಡುವ ಎಂಜಿನ್ ಆಯಿಲ್ಲೇ ಹಾಕಬೇಕು. ಹಳೆಯ ಲಾರಿಯ ಆಯಿಲ್ ಅಗ್ಗಕ್ಕೆ ಸಿಗುತ್ತದೆ ಅಂತ ಹಾಕಿದರೆ ಅದರ ಬೂದಿ ಫಿಲ್ಟರಿನಲ್ಲಿ ಕೂತು ಕಟ್ಟಿಕೊಳ್ಳುತ್ತದೆ. ಮಸಿ ಆದರೆ ಸುಟ್ಟು ಹೋಗುತ್ತದೆ, ಬೂದಿ ಸುಡುವುದಿಲ್ಲ. ಆಮೇಲೆ ‘ಡಿಪಿಎಫ್ ಕೆಟ್ಟದ್ದು, ಕಿತ್ತು ಹಾಕಿ’ ಅನ್ನುತ್ತಾರೆ.

ಇನ್ನು ಡ್ರೈವರ್ ಕಾಲು ಮತ್ತು ಕೈ. ಈಗಿನ ಲಾರಿ ಎಂಜಿನ್‌ಗಳಲ್ಲಿ ಹೆಚ್ಚಿನವಕ್ಕೆ ಎಳೆತ 1,200ರಿಂದ 1,600 ಆರ್‌ಪಿಎಂ ಮಧ್ಯೆ ತುದಿಯಲ್ಲಿರುತ್ತದೆ, ಮೀಟರಿನಲ್ಲಿ ಅಲ್ಲೇ ಹಸಿರು ಪಟ್ಟಿ ಇರುವುದು. ಸಮತಟ್ಟಿನಲ್ಲಿ ಬೇಗ ಮೇಲಿನ ಗೇರಿಗೆ ಹೋಗಿ ಆ ಪಟ್ಟಿಯೊಳಗೆ ಓಡಿಸಿದರೆ ಡೀಸೆಲ್ ಉಳಿಯುತ್ತದೆ. ಖಾಲಿ ಗಾಡಿಯಲ್ಲಿ ಒಂದೊಂದೇ ಗೇರ್ ಹಾಕುವ ಅಗತ್ಯವೂ ಇಲ್ಲ, ಒಂದು ಬಿಟ್ಟು ಒಂದು ಹಾಕಬಹುದು. ಆದರೆ ಏರಿನಲ್ಲಿ ಇದೇ ಬುದ್ಧಿ ತೋರಿಸಬಾರದು. ಮೇಲಿನ ಗೇರಿನಲ್ಲೇ ಇದ್ದರೆ ಡೀಸೆಲ್ ಉಳಿಯುತ್ತದೆ ಅಂತ ಎಂಜಿನ್ ಅದುರುವ ತನಕ ಪೆಡಲ್ ತುಳಿದುಕೊಂಡು ಹೋಗುವವರಿದ್ದಾರೆ. ಆರ್‌ಪಿಎಂ ಕೆಳಗೆ ಬಿದ್ದಾಗ ಟರ್ಬೊ ಗಾಳಿ ಕೊಡುವುದಿಲ್ಲ, ಡೀಸೆಲ್ ಮಾತ್ರ ಹೋಗುತ್ತಿರುತ್ತದೆ. ಎಂಜಿನ್ ಸುಸ್ತಾಗುವ ಮೊದಲೇ ಗೇರ್ ಇಳಿಸಿ ಹಸಿರು ಪಟ್ಟಿಯಲ್ಲೇ ಏರಬೇಕು. ಈಗಿನ ಅನೇಕ ಲಾರಿಗಳಲ್ಲಿ ಲೋಡ್ ಇದೆಯೋ ಖಾಲಿಯೋ ನೋಡಿ ಬದಲಿಸುವ ಮೋಡ್ ಸ್ವಿಚ್ ಇದೆ. ಅದು ಕಂಪನಿಯೇ ಕೊಟ್ಟ ಟ್ಯೂನಿಂಗ್, ಪುಕ್ಕಟೆ. ಖಾಲಿ ಗಾಡಿಯನ್ನೂ ಹೆವಿ ಮೋಡ್‌ನಲ್ಲಿ ಓಡಿಸುವವರನ್ನು ನೋಡಿದರೆ ಬೇಜಾರಾಗುತ್ತದೆ.

ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವ ಅಭ್ಯಾಸದ ಬಗ್ಗೆ ದಯವಿಟ್ಟು ಎಲ್ಲ ಡ್ರೈವರ್‌ಗಳೂ ಓದಿ. ನ್ಯೂಟ್ರಲ್‌ನಲ್ಲಿ ಡೀಸೆಲ್ ಉಳಿಯುತ್ತದೆ ಅನ್ನುವುದು ಪೂರ್ತಿ ತಪ್ಪು. ಗೇರಿನಲ್ಲಿಟ್ಟು ಪೆಡಲ್‌ನಿಂದ ಕಾಲು ತೆಗೆದರೆ ಚಕ್ರವೇ ಎಂಜಿನ್ ತಿರುಗಿಸುತ್ತದೆ, ಇಸಿಎಂ ಡೀಸೆಲನ್ನು ಪೂರ್ತಿ ನಿಲ್ಲಿಸುತ್ತದೆ. ಹಳೆಯ ಮೈಕೋ ಪಂಪಿನ ಗವರ್ನರ್ ಕೂಡ ಹಾಗೇ ನಿಲ್ಲಿಸುತ್ತಿತ್ತು. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಐಡ್ಲಿಂಗ್‌ನಲ್ಲಿ ಇರಬೇಕಾದ್ದರಿಂದ ಡೀಸೆಲ್ ಸುಡುತ್ತಲೇ ಇರುತ್ತದೆ. ಜೊತೆಗೆ ಎಂಜಿನ್ ಹಿಡಿತವೂ ಇಲ್ಲ, ಎಕ್ಸಾಸ್ಟ್ ಬ್ರೇಕೂ ಇಲ್ಲ, ಎಲ್ಲ ಭಾರ ಡ್ರಮ್ ಮೇಲೆ. ಶಿರಾಡಿ, ಚಾರ್ಮಾಡಿ, ಅರಬೈಲ್ ಇಳಿಯುವಾಗ ಡ್ರಮ್ ಬಿಸಿಯಾಗಿ ಬ್ರೇಕ್ ಹಿಡಿಯದಿದ್ದರೆ ಆಮೇಲೆ ಮೈಲೇಜ್ ಲೆಕ್ಕ ಯಾರಿಗೆ ಬೇಕು?

ವೇಗದ್ದೂ ಅಷ್ಟೇ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 60ರಲ್ಲಿ ಇದ್ದ ತಡೆ 80ರಲ್ಲಿ ಒಂದೂಮುಕ್ಕಾಲು ಪಟ್ಟು. ಬೆಂಗಳೂರು ಹುಬ್ಬಳ್ಳಿ ಮಧ್ಯೆ 60ರ ಬದಲು 70ರಲ್ಲಿ ಹೋದರೆ ಒಂದು ಗಂಟೆ ಉಳಿಯಬಹುದು, ಆ ಗಂಟೆ ಆಮೇಲೆ ಅನ್‌ಲೋಡಿಂಗ್ ಸರದಿಯಲ್ಲಿ ಹೋಗುತ್ತದೆ. ಟ್ಯೂನಿಂಗ್‌ನವರು ಈಗ ಸ್ಪೀಡ್ ಗವರ್ನರ್‌ನ 80ರ ಮಿತಿಯನ್ನೂ ತೆಗೆದುಕೊಡುತ್ತಾರಂತೆ. ಮೈಲೇಜ್ ಜಾಸ್ತಿ ಮಾಡುತ್ತೇನೆ ಅನ್ನುವವನೇ 80 ದಾಟಿ ಓಡಿಸಲು ಬಿಡುತ್ತಾನೆ ಅಂದರೆ ಅವನ ಮೈಲೇಜ್ ಮಾತನ್ನು ಹೇಗೆ ನಂಬುವುದು?

ಹೊಸ ಗಾಡಿ ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಕ್ರೌನ್ ರೇಷಿಯೊ, ಅಂದರೆ ಚಕ್ರ ಒಂದು ಸುತ್ತು ಬರಲು ಗೇರ್ ಬಾಕ್ಸ್‌ನಿಂದ ಬರುವ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನುವುದು. ಉದಾಹರಣೆಗೆ 10.00-20 ಟೈರ್ ಒಂದು ಸುತ್ತಿಗೆ 3.2 ಮೀಟರ್ ಆಸುಪಾಸು ಹೋಗುತ್ತದೆ. ಗಂಟೆಗೆ 60 ಕಿಲೋಮೀಟರ್ ಅಂದರೆ ನಿಮಿಷಕ್ಕೆ ಸುಮಾರು 312 ಸುತ್ತು. ಟಾಪ್ ಗೇರ್‌ನಲ್ಲಿ ಎಂಜಿನ್ ಒಂದು ಸುತ್ತಿಗೆ ಆ ಶಾಫ್ಟೂ ಒಂದೇ ಸುತ್ತು ತಿರುಗುವಂತಿದ್ದು ಕ್ರೌನ್ ರೇಷಿಯೊ 6.1 ಇದ್ದರೆ ಎಂಜಿನ್ 1,900ರಲ್ಲಿ ತಿರುಗುತ್ತದೆ, 5.3 ಇದ್ದರೆ 1,650ರಲ್ಲಿ. ಅದೇ ಎಂಜಿನ್, ಅದೇ ಲೋಡ್, ಅದೇ ರಸ್ತೆ, ಎರಡನೆಯದು ದಿನವಿಡೀ ಹಸಿರು ಪಟ್ಟಿಯ ಹತ್ತಿರ ಓಡುತ್ತದೆ. ಗಣಿಯಲ್ಲಿ, ಘಾಟಿಯಲ್ಲಿ ಓಡುವ ಟಿಪ್ಪರ್‌ಗೆ ಮೊದಲನೆಯದೇ ಸರಿ, ಹೈವೇ ಗಾಡಿಗೆ ಎರಡನೆಯದು. ಆದರೆ ಶೋರೂಮಿನಲ್ಲಿ ಹಾರ್ಸ್ ಪವರ್ ಮತ್ತು ಕಂತು ಬಿಟ್ಟು ಇದರ ಬಗ್ಗೆ ಮಾತೇ ಆಡುವುದಿಲ್ಲ. ಭಾರೀ ವಾಹನಗಳ ಇಂಧನ ಬಳಕೆಯ ಸರ್ಕಾರಿ ಪರೀಕ್ಷೆ ನಡೆಯುವುದು ಒಂದೇ ಸಮನೆ 40 ಮತ್ತು 60 ಕಿಲೋಮೀಟರ್ ವೇಗದಲ್ಲಿ. ಅಲ್ಲಿ ಗೇರ್ ಬದಲಿಸುವುದೂ ಇಲ್ಲ, ಘಾಟಿಯೂ ಇಲ್ಲ. ಆ ಅಂಕಿಗಳನ್ನಾದರೂ ಪ್ರತಿ ಮಾಡೆಲ್, ಪ್ರತಿ ಕ್ರೌನ್ ರೇಷಿಯೊ ಪ್ರಕಾರ ಶೋರೂಮ್ ಗೋಡೆಯ ಮೇಲೆ ಕನ್ನಡದಲ್ಲಿ ಹಾಕಿಸಿದರೆ ಮಾಲೀಕ ಗಾಡಿ ಕೊಂಡ ಮೇಲೆ ಲ್ಯಾಪ್‌ಟಾಪಿನವನನ್ನು ಹುಡುಕುವ ಅಗತ್ಯ ಬೀಳುವುದಿಲ್ಲ.

ಮಾಲೀಕ ಮಿತ್ರರಿಗೆ ಒಂದು ಮಾತು. ಟ್ಯೂನಿಂಗ್‌ಗೆ ಕೊಡುವ ದುಡ್ಡನ್ನು ಡ್ರೈವರಣ್ಣನಿಗೆ ಕೊಡಿ. 4 ಕೊಡುವ ಗಾಡಿ 4.2 ಕೊಟ್ಟರೆ ಮೇಲಿನ ಲೆಕ್ಕದಲ್ಲಿ ತಿಂಗಳಿಗೆ 10,800 ರೂಪಾಯಿ ಉಳಿಯುತ್ತದೆ. ಅರ್ಧ ಅವನಿಗೆ, ಅರ್ಧ ನಿಮಗೆ ಅಂತ ಬಾಯಿಬಿಟ್ಟು ಹೇಳಿ, ಹೇಳಿದ ಹಾಗೆ ಕೊಡಿ. ಆಮೇಲೆ ಟೈರ್ ಗಾಳಿಯನ್ನು ಅವನೇ ನೋಡುತ್ತಾನೆ, ಟಾರ್ಪಾಲ್ ಅವನೇ ಬಿಗಿಯಾಗಿ ಕಟ್ಟುತ್ತಾನೆ, ಚಹಾ ಕುಡಿಯಲು ಇಳಿದಾಗ ಎಂಜಿನ್ ಅವನೇ ಬಂದ್ ಮಾಡುತ್ತಾನೆ. ಅವನ ಮೇಲೆ ಡೀಸೆಲ್ ಕದ್ದ ಅನುಮಾನ ಇಟ್ಟುಕೊಂಡು ಹುಡುಗನಿಗೆ ಲ್ಯಾಪ್‌ಟಾಪ್ ಹಾಕಲು ಹೇಳಿದರೆ ಇವುಗಳಲ್ಲಿ ಒಂದೂ ಆಗುವುದಿಲ್ಲ. ಪೆಟ್ರೋಲಿಯಂ ಸಂರಕ್ಷಣೆಗೆಂದೇ ಇರುವ ಕೇಂದ್ರದ ಪಿಸಿಆರ್‌ಎ ಸಂಸ್ಥೆ ಡ್ರೈವರ್‌ಗಳಿಗೆ ತರಬೇತಿ ಕೊಡುತ್ತದೆ, ನಮ್ಮ ಸಂಘಗಳು ಅವರನ್ನು ಕರೆಸಬೇಕು.

ಆದರೆ ಮಾಲೀಕರದ್ದೇ ತಪ್ಪು ಅಂತ ಬರೆದು ನಾನು ಮುಗಿಸುವುದಿಲ್ಲ. ಬಿಎಸ್ 6 ಗಾಡಿಯಲ್ಲಿ ಒಂದು ನಾಕ್ಸ್ (ನೈಟ್ರೋಜನ್ ಆಕ್ಸೈಡ್ ಅಳೆಯುವ) ಸೆನ್ಸರ್ ಕೆಟ್ಟರೆ ಇಸಿಎಂ ಎಂಜಿನ್ ತಾಕತ್ತು ಇಳಿಸಿಬಿಡುತ್ತದೆ. ಟೊಮೆಟೊ ತುಂಬಿದ ಗಾಡಿ ರಾತ್ರಿ ಹೊತ್ತು ಹಿರಿಯೂರಿನ ಆಚೆ ನಿಂತರೆ ಏನು ಮಾಡುವುದು? ಕಂಪನಿ ಸರ್ವಿಸ್‌ನವರು ಬೆಳಿಗ್ಗೆ ಬರುತ್ತೇವೆ ಅನ್ನುತ್ತಾರೆ, ಬಂದವರು ಪಾರ್ಟ್ ಸ್ಟಾಕ್ ಇಲ್ಲ ಅನ್ನುತ್ತಾರೆ. ನಮ್ಮ ಊರಿನ ನುರಿತ ಮೆಕ್ಯಾನಿಕ್ ಕೈಯಲ್ಲಿ ಆ ಗಾಡಿಯ ದೋಷ ಓದುವ ಸಾಫ್ಟ್‌ವೇರ್ ಇರುವುದಿಲ್ಲ, ಕಂಪನಿ ಅವನಿಗೆ ಕೊಡುವುದಿಲ್ಲ. ಕದ್ದ ಸಾಫ್ಟ್‌ವೇರ್ ಇರುವವನು ಮಾತ್ರ ರಾತ್ರಿ 2 ಗಂಟೆಗೂ ಬರುತ್ತಾನೆ, ಬಂದು ಸೆನ್ಸರ್ ರಿಪೇರಿ ಮಾಡುವ ಬದಲು ಇಡೀ ವ್ಯವಸ್ಥೆಯನ್ನೇ ಬಂದ್ ಮಾಡಿ ಹೋಗುತ್ತಾನೆ. ಅವನ ವ್ಯಾಪಾರ ನಡೆಯುತ್ತಿರುವುದು ಅರ್ಧ ಮೈಲೇಜ್ ಆಸೆಯಿಂದ, ಇನ್ನರ್ಧ ಈ ಕಷ್ಟದಿಂದ. ದೋಷ ಓದುವ, ಸರಿಪಡಿಸುವ ಉಪಕರಣ ಮತ್ತು ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೆ ನ್ಯಾಯವಾದ ಬೆಲೆಗೆ ಕೊಡಲೇಬೇಕು ಅಂತ ಸರ್ಕಾರ ಕಂಪನಿಗಳಿಗೆ ಹೇಳಬೇಕು. ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್ ಓದುವ ಹುಡುಗರ ಕೈಗೆ ಈ ಉಪಕರಣ ಕೊಟ್ಟು ಕಲಿಸಬೇಕು.

ಕಾನೂನು ಇಲ್ಲ ಅಂತಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವ ಹಾಗಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಹಾಗೆ ಮಾಡಿಸಿದ ಮಾಲೀಕನಿಗೆ 6 ತಿಂಗಳವರೆಗೆ ಜೈಲು ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಸಿಕ್ಕಿಬಿದ್ದರೆ ಹೊಣೆ ಮಾಲೀಕನದ್ದು, ಲ್ಯಾಪ್‌ಟಾಪಿನವನು ಅಷ್ಟು ಹೊತ್ತಿಗೆ ಬೇರೆ ಊರಿನಲ್ಲಿರುತ್ತಾನೆ. ಆದರೆ ಹಿಡಿಯುವುದು ಹೇಗೆ? ಡೀಸೆಲ್ ಗಾಡಿಯ ಹೊಗೆ ತಪಾಸಣೆಯಲ್ಲಿ ನಿಂತಲ್ಲೇ ರೇಸ್ ಕೊಡಿಸಿ ಹೊಗೆ ಎಷ್ಟು ಕಪ್ಪು ಅಂತ ಮಾತ್ರ ಅಳೆಯುತ್ತಾರೆ. ನೈಟ್ರೋಜನ್ ಆಕ್ಸೈಡ್ ಅಳೆಯುವುದೇ ಇಲ್ಲ. ಡಿಇಎಫ್ ಬಂದ್ ಮಾಡಿಸಿದ ಲಾರಿ ಆರಾಮಾಗಿ ಪಾಸಾಗಿ ಸರ್ಟಿಫಿಕೇಟ್ ತೆಗೆದುಕೊಂಡು ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಡೀಸೆಲ್ ಹೊಗೆಯಿಂದ ಮನುಷ್ಯರಿಗೆ ಕ್ಯಾನ್ಸರ್ ಬರುತ್ತದೆ ಅಂತ ಖಚಿತವಾಗಿ ಹೇಳಿದೆ. ಆ ಹೊಗೆಯನ್ನು ಮೊದಲು ಕುಡಿಯುವವರು ನಮ್ಮ ಡ್ರೈವರ್, ಕ್ಲೀನರ್, ಟೋಲ್‌ನಲ್ಲಿ ಕೂತ ಹುಡುಗಿಯರು, ಯಾರ್ಡ್ ಪಕ್ಕದ ಮನೆಯವರು.

ಸಾರಿಗೆ ಇಲಾಖೆಗೆ ನನ್ನ ಬೇಡಿಕೆ ಎರಡೇ. ಒಂದು, ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್‌ಗೆ) ಬರುವ ಪ್ರತಿ ಬಿಎಸ್ 6 ಲಾರಿಯ, ದೋಷ ಓದಲು ಇರುವ ಒಬಿಡಿ ಪೋರ್ಟಿಗೆ ಸ್ಕ್ಯಾನರ್ ಹಾಕಿ ಡಿಇಎಫ್, ಡಿಪಿಎಫ್ ಸೆನ್ಸರ್‌ಗಳು ನಿಜವಾಗಿ ಕೆಲಸ ಮಾಡುತ್ತಿವೆಯಾ ನೋಡಿ, ಸಾಫ್ಟ್‌ವೇರ್ ಕಂಪನಿಯದ್ದೇ ಹೌದಾ ಅಂತಲೂ ನೋಡಿ. ಎರಡು, ಈಗಾಗಲೇ ಬಂದ್ ಮಾಡಿಸಿಕೊಂಡವರಿಗೆ ದಂಡವಿಲ್ಲದೆ ಮೂಲ ಸ್ಥಿತಿಗೆ ತರಲು ಒಂದು ಅವಧಿ ಕೊಡಿ, ಆ ಅವಧಿಯಲ್ಲಿ ಕಂಪನಿಗಳು ರಿಯಾಯಿತಿ ದರದಲ್ಲಿ ಸಾಫ್ಟ್‌ವೇರ್ ಮತ್ತೆ ಹಾಕಿಕೊಡುವಂತೆ ಮಾಡಿ. ದಂಡ ಆಮೇಲೆ ಹಾಕಿ, ನಮ್ಮ ತಕರಾರಿಲ್ಲ.

ಇಂತಿ,
ಒಬ್ಬ ಲಾರಿ ಮಾಲೀಕ, ಹುಬ್ಬಳ್ಳಿ